ಮೀನು ಊಟ 130, ಫ್ರೈ ಮಾತ್ರ "ಸೈಜ್ ಪ್ರಕಾರ": ನೆಂಟರ ಎದುರು ರೇಟ್ ಕೇಳುವುದು ಹೇಗೆ ಮಾರಾಯ್ರೆ?

ಬಲ್ಮಠದವ (ಭಾನುವಾರ ರಾತ್ರಿ 9.50)

ಹೋಟೆಲಿನ ಹೆಸರು ಕೇಳಬೇಡಿ, ಹಾಕುವುದಿಲ್ಲ. ಬಂದರಿನ ಹಳೇ ಹೋಟೆಲುಗಳಲ್ಲಿ ಯಾವುದೂ ಅಲ್ಲ ಅಂತ ಮಾತ್ರ ಹೇಳ್ತೇನೆ. ಹೈವೇ ಬದಿಯಲ್ಲಿ ಈಗೀಗ ಆದದ್ದು. ಎದುರು ದೊಡ್ಡ ಬೋರ್ಡು, ಒಳಗೆ ಎಸಿ.

ದಾವಣಗೆರೆಯಿಂದ ಹೆಂಡತಿಯ ಅಣ್ಣ, ಅತ್ತಿಗೆ, ಅವರ ಮಗ ಬಂದಿದ್ದರು. ಮಂಗಳೂರಿಗೆ ಬಂದವರನ್ನು ಮೀನು ತಿನ್ನಿಸದೆ ವಾಪಸು ಕಳಿಸಿದರೆ ಮುಂದಿನ ಹತ್ತು ಮದುವೆಗಳಲ್ಲಿ ಅದನ್ನೇ ಕೇಳಬೇಕಾಗ್ತದೆ. ಹಾಗಾಗಿ ಐದು ಜನ ಹೋಗಿ ಕೂತೆವು. ಮೆನು ಕಾರ್ಡಿನಲ್ಲಿ ಮೀನು ಊಟ 130 ರೂಪಾಯಿ. ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಒಣಮೀನಿನ ಚಟ್ನಿ, ಒಂದು ಪಲ್ಯ, ಉಪ್ಪಿನಕಾಯಿ, ಮಜ್ಜಿಗೆ. ಅನ್ನ, ಸಾರು ಕೇಳಿದಷ್ಟು. ಇಲ್ಲಿಯವರೆಗೆ ತಕರಾರಿಲ್ಲ, ಸಾರು ಚೆನ್ನಾಗಿಯೇ ಇತ್ತು.

ಕಾರ್ಡು ತಿರುಗಿಸಿದರೆ ಫ್ರೈ. ಅಂಜಲ್, ಮಾಂಜಿ, ಕಾಣೆ, ಸಿಗಡಿ, ಎಲ್ಲದರ ಎದುರೂ "ಸೈಜ್ ಪ್ರಕಾರ". ಅಷ್ಟರಲ್ಲಿ ಸಪ್ಲೈಯರ್ ಅಗಲದ ಸ್ಟೀಲ್ ತಟ್ಟೆ ತಂದು ಮೇಜಿನ ಮೇಲೆ ಓರೆ ಹಿಡಿದ. ಮಸಾಲೆ ಮೆತ್ತಿದ ಹಸಿ ಮೀನು ಸಾಲಾಗಿ ಮಲಗಿವೆ. ಎರಡು ಬೆರಳು ದಪ್ಪದ ಅಂಜಲ್ ತುಂಡು, ಅಂಗೈ ಮೀರಿದ ಮಾಂಜಿ, ಮೈಗೆ ಓರೆ ಗೆರೆ ಕೊಯ್ದು ಆ ಸೀಳುಗಳೊಳಗೆ ಕೆಂಪು ಮಸಾಲೆ ತುಂಬಿದ ಕಾಣೆ. ಭಾವನ ಕಣ್ಣು ಅರಳಿತು. "ಇದೊಂದು, ಇವೆರಡು, ಅವೆರಡು" ಅಂತ ಬೆರಳು ತೋರಿಸಿಬಿಟ್ಟ. ಸಪ್ಲೈಯರ್ ನನ್ನ ಮುಖ ನೋಡಿದ. ನಾನು ಎಂತ ಹೇಳಬೇಕು? "ತಡಿ, ಅದಕ್ಕೆಷ್ಟು?" ಅಂತ ಹೆಂಡತಿಯ ಅಣ್ಣನ ಎದುರು ಕೇಳಲಿಕ್ಕಾಗ್ತದಾ?

ಬಿಲ್ಲು: ಊಟ 650, ಅಂಜಲ್ ತವಾ ಎರಡಕ್ಕೆ 1100, ಮಾಂಜಿ ಒಂದಕ್ಕೆ 900, ಕಾಣೆ ಎರಡಕ್ಕೆ 760. ಕೆಳಗೆ "ಟ್ಯಾಕ್ಸ್ 5%". ಒಟ್ಟು 3580. ಹೆಸರು ಕತ್ತರಿಸಿ ಚೀಟಿಯ ಫೋಟೋ ಹಾಕಿದ್ದೇನೆ.

ದುಡ್ಡು ಹೋದದ್ದಕ್ಕಲ್ಲ ಈ ಬರಹ. ಕಾರ್ಡಿನಲ್ಲಿ ರೇಟೇ ಹಾಕದೆ, ಗಿರಾಕಿ ನಾಚಿಕೆಯಿಂದ ಕೇಳುವುದಿಲ್ಲ ಅನ್ನುವುದರ ಮೇಲೆಯೇ ವ್ಯಾಪಾರ ಮಾಡುವುದು ಸರಿಯಾ? ನಿಮಗೆಲ್ಲ ಎಂತ ಅನುಭವ?

ಕಾಣೆಪ್ರಿಯ (ಭಾನುವಾರ ರಾತ್ರಿ 10.05)

ಜುಲೈ ತಿಂಗಳಲ್ಲಿ ಅಂಜಲ್ ತಿನ್ನಲಿಕ್ಕೆ ಹೋದದ್ದು ನೀವು, ದೂರು ಹೋಟೆಲಿನವನ ಮೇಲಾ? ಬೋಟೆಲ್ಲ ಧಕ್ಕೆಯಲ್ಲಿ ಕಟ್ಟಿ ಹಾಕಿ ಉಂಟು. 550 ಕಮ್ಮಿಯೇ ಆಯಿತು.

ಬಲ್ಮಠದವ (ಭಾನುವಾರ ರಾತ್ರಿ 10.11)

> 550 ಕಮ್ಮಿಯೇ ಆಯಿತು

ಹಾಗಿದ್ದರೆ ಅದನ್ನೇ ಕಾರ್ಡಿನಲ್ಲಿ ಬರೆಯಲಿ. 550 ಅಂತ ಬರೆದರೆ ನಾನು ಬಂಗುಡೆ ತೆಗೆದುಕೊಳ್ತೇನೆ, ಇಲ್ಲ ಧೈರ್ಯ ಮಾಡಿ ಅಂಜಲೇ ತಿಂತೇನೆ. ನನ್ನ ಪ್ರಶ್ನೆ ರೇಟ್ ಹೆಚ್ಚೋ ಕಮ್ಮಿಯೋ ಅಂತಲ್ಲ.

ಧಕ್ಕೆಯ ಹುಡುಗ (ಭಾನುವಾರ ರಾತ್ರಿ 10.40)

ಬಂದ್ ಬಗ್ಗೆ ಸ್ವಲ್ಪ ಹೇಳ್ತೇನೆ, ಘಟ್ಟದ ಮೇಲಿನವರಿಗೆ ಗೊತ್ತಿರುವುದಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, ಅಂದರೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಟ್ರಾಲ್ ಬೋಟು, ಪರ್ಸೀನ್ ಎಲ್ಲ ನಿಂತಿರ್ತದೆ. 10 ಅಶ್ವಶಕ್ತಿಗಿಂತ ಮೇಲಿನ ಮೋಟಾರ್ ಇದ್ದರೆ ಸಮುದ್ರಕ್ಕೆ ಇಳಿಯುವ ಹಾಗಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಮೇಲಿಂದ ಮಳೆಗಾಲದ ಕಡಲು. ನಾಡದೋಣಿಯವರಿಗೆ ಅವಕಾಶ ಉಂಟು, ಆದರೆ ಅವರಿಗೂ ಕಡಲು ದಾರಿ ಬಿಡಬೇಕಲ್ಲ. ತೂಫಾನ್ ಕಮ್ಮಿಯಾದ ದಿನ ದಡದ ಹತ್ತಿರ ಬಲೆ ಬೀಸಿದರೆ ಸಿಗಡಿ, ಬೂತಾಯಿ ಸಿಗ್ತದೆ. ಅಂಜಲ್ ಸಿಗ್ತದಾ ಅಂತ ಕೇಳಬೇಡಿ.

ಮತ್ತೆ ಈಗ ಹೋಟೆಲಿನಲ್ಲಿರುವ ಅಂಜಲ್ ಎಲ್ಲಿಂದ? ಪೂರ್ವ ಕರಾವಳಿಯಿಂದ. ಅಲ್ಲಿಯ ಬಂದ್ ಏಪ್ರಿಲ್ 15ರಿಂದ ಜೂನ್ 14ರ ತನಕ. ನಮ್ಮದು ಶುರುವಾಗಿ ಎರಡು ವಾರಕ್ಕೆ ಅವರದು ಮುಗೀತದೆ. ಜೂನ್ ಅರ್ಧ ಆದ ಮೇಲೆ ತಮಿಳುನಾಡು, ಆಂಧ್ರದ ಮೀನು ಐಸಿನಲ್ಲಿ ಲಾರಿ ಹತ್ತಿ ಬರ್ತದೆ. ಅದಕ್ಕೂ ಮೊದಲಿನ ಎರಡು ವಾರ ಕೋಲ್ಡ್ ಸ್ಟೋರೇಜಿನದ್ದೇ ಗತಿ.

ಐಸ್ ಮೀನು ಹಾಳು ಅಂತಲ್ಲ. ಸರಿಯಾಗಿ ಐಸ್ ಹಾಕಿದ್ದರೆ ತಿನ್ನಬಹುದು. ಆದರೆ ಧಕ್ಕೆಯಲ್ಲಿ ಬೆಳಿಗ್ಗೆ ಇಳಿದ ಮೀನಿನ ರುಚಿ ಬೇಕು ಅಂತ ಜುಲೈಯಲ್ಲಿ ಹೋದರೆ ಆಗುವುದಿಲ್ಲ.

ಮಲ್ಲೇಶ್ವರದ ಸೊಸೆ (ಭಾನುವಾರ ರಾತ್ರಿ 11.20)

ನಾನು ಮದುವೆಯಾಗಿ ಕದ್ರಿಗೆ ಬಂದವಳು, ಮೂಲ ಬೆಂಗಳೂರು. ಈ ತಟ್ಟೆ ತೋರಿಸೋ ಪದ್ಧತಿ ಮೊದಲ ಸಲ ನೋಡಿದಾಗ ನಂಗೆ ತುಂಬಾ ಇಷ್ಟ ಆಗಿತ್ತು. ತಿನ್ನೋ ಮೀನನ್ನ ನಾವೇ ಆರಿಸಬಹುದು ಅಂತ. ನಮ್ಮತ್ತೆ ಆರಿಸೋದು ನೋಡ್ಬೇಕು ನೀವು. ಸಪ್ಲೈಯರ್ ದೊಡ್ಡದನ್ನೇ ಮುಂದೆ ಮಾಡ್ತಾನೆ, ಅವರು ತಟ್ಟೆಯ ಮೂಲೆಯಲ್ಲಿರೋ ಚಿಕ್ಕದನ್ನ ತೋರಿಸಿ "ಅದು ಎಷ್ಟು ಮಗ?" ಅಂತಾರೆ. ಅವನು 200 ಅಂದ್ರೆ, "ಹಾಗಾದರೆ ಅದರ ಪಕ್ಕದ್ದು?" ಎಲ್ಲದರ ರೇಟು ತಿಳ್ಕೊಂಡು ಕೊನೆಗೆ ಬಂಗುಡೆ ಹೇಳ್ತಾರೆ. ಪಕ್ಕದ ಮೇಜಿನವರೂ ಕಿವಿಗೊಟ್ಟು ಕೇಳಿಸ್ಕೊಂಡು ಅದರ ಮೇಲೆ ಆರ್ಡರ್ ಮಾಡಿದ್ದನ್ನ ನೋಡಿದ್ದೀನಿ. ಗಂಡಸರಿಗೆ ಈ ಧೈರ್ಯ ಯಾಕಿಲ್ಲ ಅಂತ ಗೊತ್ತಿಲ್ಲಪ್ಪ.

ಗಲ್ಲಾಪೆಟ್ಟಿಗೆ (ಸೋಮವಾರ ಬೆಳಿಗ್ಗೆ 6.15)

ನಮ್ಮದೂ ಒಂದು ಸಣ್ಣ ಮೀನು ಊಟದ ಹೋಟೆಲ್ ಉಂಟು, ಮಂಗಳೂರಿನಲ್ಲೇ. ಇಷ್ಟು ಹೊತ್ತು ಓದಿದೆ, ಈಗ ನನ್ನದೂ ಸ್ವಲ್ಪ ಕೇಳಿ.

ಬೆಳಿಗ್ಗೆ ಕತ್ತಲೆಯಲ್ಲಿ ಧಕ್ಕೆಗೆ ಹೋಗಬೇಕು. ಏಲಂ ಕೂಗುವಾಗ ನಮ್ಮ ಕೈಯಲ್ಲಿ ಎಂತದೂ ಇಲ್ಲ. ನಿನ್ನೆಯ ರೇಟು ಇವತ್ತಿಗಿಲ್ಲ. ಹತ್ತು ಬೋಟು ಒಟ್ಟಿಗೆ ಬಂದರೆ ಬಂಗುಡೆ ಕೇಳುವವರಿಲ್ಲ. ಮರುದಿನ ಗಾಳಿ ಎದ್ದು ಬೋಟು ಬಾರದಿದ್ದರೆ ಅದೇ ಬಂಗುಡೆಗೆ ಜನ ಒಬ್ಬರ ಮೇಲೊಬ್ಬರು ಬೀಳ್ತಾರೆ. ಕಾರ್ಡಿನಲ್ಲಿ ಒಂದು ರೇಟು ಅಚ್ಚು ಹಾಕಿಸಿದರೆ ಒಂದೋ ನಾನು ಮುಳುಗಬೇಕು, ಇಲ್ಲ ಕಡಿಮೆಗೆ ಸಿಕ್ಕಿದ ದಿನವೂ ನಿಮ್ಮಿಂದ ಹೆಚ್ಚು ತೆಗೆದುಕೊಳ್ಳಬೇಕು.

ಎರಡನೇದು, ತೂಕ. ಒಂದು ಅಂಜಲ್ ತಂದರೆ ಫ್ರೈಗೆ ಆಗುವುದು ನಡುವಿನ ತುಂಡುಗಳು. ತಲೆ, ಬಾಲ ಸಾರಿಗೆ ಹೋಗ್ತದೆ. ಹೊಟ್ಟೆಯ ಒಳಗಿನದ್ದು ಕಸಕ್ಕೆ. ನೀವು 130ಕ್ಕೆ ಉಂಡು ಹೊಗಳಿದ ಸಾರಿಗೆ ರುಚಿ ಬಂದದ್ದು ಇಂಥ ತಲೆಯಿಂದಲೇ ಇರಬಹುದು. ಊಟದಲ್ಲಿ ನಮಗೆ ಉಳಿಯುವುದು ಏನೂ ಇಲ್ಲ ಅಂದರೂ ಆದೀತು. ಕುಚ್ಚಲಕ್ಕಿ, ತೆಂಗಿನಕಾಯಿ, ತೆಂಗಿನೆಣ್ಣೆ, ಗ್ಯಾಸು, ಕೆಲಸದವರ ಸಂಬಳ, ಎಲ್ಲ ಲೆಕ್ಕ ಹಾಕಿ. ಕೆಲವರು ಫ್ರೈ ಮುಟ್ಟುವುದಿಲ್ಲ, ಮೂರು ಸಲ ಅನ್ನ, ನಾಲ್ಕು ಸಲ ಸಾರು. ಸಂತೋಷ, ಹೊಟ್ಟೆ ತುಂಬಾ ಉಣ್ಣಲಿ. ಆದರೆ ಹೋಟೆಲ್ ನಡೆಯುವುದು ಫ್ರೈಯಿಂದ. ಇದು ಯಾವ ಮೀನು ಹೋಟೆಲಿನಲ್ಲೂ ಗುಟ್ಟಲ್ಲ.

ಮೂರನೇದು, ನಾವು ತಟ್ಟೆ ತೋರಿಸುವುದೇ ಕೇಳಲಿ ಅಂತ. ಕೇಳಿದರೆ ಹೇಳದ ಹೋಟೆಲ್ ಇದ್ದರೆ ಆ ಹೋಟೆಲಿಗೆ ಹೋಗಬೇಡಿ. ಕೇಳದೆ ತಿಂದು ಆಮೇಲೆ ಬರೆದರೆ ಎಂತ ಮಾಡುವುದು?

ಬಲ್ಮಠದವ (ಸೋಮವಾರ ಬೆಳಿಗ್ಗೆ 8.30)

@ಗಲ್ಲಾಪೆಟ್ಟಿಗೆ ಅಣ್ಣಾ, ಏಲಂ ವಿಷಯ ಒಪ್ಪಿದೆ. ಆದರೆ ಅಚ್ಚು ಹಾಕಿಸಿ ಅಂತ ಯಾರು ಹೇಳಿದ್ದು? ಗೋಡೆಗೆ ಒಂದು ಕಪ್ಪು ಹಲಗೆ, ಒಂದು ಸೀಮೆಸುಣ್ಣ. "ಇವತ್ತು: ಅಂಜಲ್ 400ರಿಂದ 600, ಕಾಣೆ 250ರಿಂದ 400, ಬಂಗುಡೆ 90." ಎರಡು ನಿಮಿಷದ ಕೆಲಸ. ನಾನು ಚಿಕ್ಕವನಿದ್ದಾಗ ಹೋಟೆಲುಗಳಲ್ಲಿ "ಇಂದಿನ ವಿಶೇಷ" ಅಂತ ಹಲಗೆ ಇರುತ್ತಿತ್ತಲ್ಲ, ಅದನ್ನು ತೆಗೆದವರು ಯಾರು? ಗೋಡೆಯಲ್ಲಿದ್ದರೆ ಭಾವನೇ ಓದಿಕೊಳ್ತಾನೆ, ನಾನು ಬಾಯಿ ಬಿಡಬೇಕಾಗಿಲ್ಲ.

ಗಲ್ಲಾಪೆಟ್ಟಿಗೆ (ಸೋಮವಾರ ಬೆಳಿಗ್ಗೆ 8.47)

ಹಲಗೆಯ ಮಾತು ಒಳ್ಳೆಯದುಂಟು. ಆದರೆ 400 ಅಂತ ಬರೆದರೆ ಎಲ್ಲರೂ 400ರದ್ದೇ ಕೇಳ್ತಾರೆ, ಅದು ತಟ್ಟೆಯಲ್ಲಿ ಎರಡೇ ಇರ್ತದೆ. ಆಮೇಲೆ "ಬೋರ್ಡಿನಲ್ಲಿ ಒಂದು, ಬಿಲ್ಲಿನಲ್ಲಿ ಒಂದು" ಅಂತ ಇಲ್ಲೇ ಬಂದು ಬರೀತೀರಿ.

ಜಿಎಸ್‌ಟಿ ಭಟ್ರು (ಸೋಮವಾರ ಮಧ್ಯಾಹ್ನ 1.10)

ಮೀನು ನನ್ನ ವಿಷಯವಲ್ಲ, ಮನೆಯಲ್ಲಿ ಗೊತ್ತಾದರೆ ಕಷ್ಟ. ಚೀಟಿಯ ಫೋಟೋ ನೋಡಿದೆ. ಅಲ್ಲಿ ಎರಡು ಮೂರು ಸಂಗತಿ ಕಣ್ಣಿಗೆ ಬಿತ್ತು.

ಹೋಟೆಲ್ ಊಟಕ್ಕೆ 5 ಶೇಕಡಾ ಜಿಎಸ್‌ಟಿ, ಸರಿ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಎಸಿ ಇಲ್ಲದ ಹೋಟೆಲಿಗೆ 12, ಎಸಿ ಹೋಟೆಲಿಗೆ 18 ಇತ್ತು. ಅದೇ ವರ್ಷ ನವೆಂಬರ್ 15ರಿಂದ ಎಸಿ ಇರಲಿ ಇಲ್ಲದಿರಲಿ 5 ಮಾಡಿದರು. ಹಾಗಾಗಿ "ಎಸಿ ಕೋಣೆಗೆ ಟ್ಯಾಕ್ಸ್ ಜಾಸ್ತಿ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಎಸಿ ಕೋಣೆಯಲ್ಲಿ ಊಟದ ರೇಟೇ ಜಾಸ್ತಿ ಇಟ್ಟಿರಬಹುದು, ಅದು ಬೇರೆ.

ಆದರೆ ನಿಮ್ಮ ಚೀಟಿಯಲ್ಲಿ ಜಿಎಸ್‌ಟಿ ಸಂಖ್ಯೆ ಎಲ್ಲೂ ಇಲ್ಲ. ಬಿಳಿ ಕಾಗದದಲ್ಲಿ ಪೆನ್ನಿನಿಂದ "ಟ್ಯಾಕ್ಸ್ 5%" ಅಂತ ಬರೆದಿದ್ದಾರೆ. ವರ್ಷಕ್ಕೆ ಒಂದೂವರೆ ಕೋಟಿವರೆಗೆ ವಹಿವಾಟು ಇರುವ ಹೋಟೆಲಿನವರು ಕಾಂಪೋಸಿಷನ್ ಯೋಜನೆ ತೆಗೆದುಕೊಳ್ಳಬಹುದು. ತೆಗೆದುಕೊಂಡರೆ ಆ 5 ಶೇಕಡಾವನ್ನು ತಮ್ಮ ಕಿಸೆಯಿಂದ ಕಟ್ಟಬೇಕು, ಗಿರಾಕಿಯಿಂದ ವಸೂಲು ಮಾಡುವ ಹಾಗಿಲ್ಲ. ಹಾಗಂತ ಬಿಲ್ಲಿನ ಮೇಲೆ ಬರೆಯಲೂ ಬೇಕು. ಈ ಹೋಟೆಲ್ ಯಾವುದರಲ್ಲಿ ಉಂಟೋ, ಚೀಟಿ ನೋಡಿ ಹೇಳಲಿಕ್ಕಾಗುವುದಿಲ್ಲ. ಆದರೆ ಸಂಖ್ಯೆ ಇಲ್ಲದ ಚೀಟಿಗೆ 170 ರೂಪಾಯಿ ಟ್ಯಾಕ್ಸ್ ಕೊಟ್ಟಿದ್ದೀರಿ. "ಸರಿಯಾದ ಬಿಲ್ ಕೊಡಿ" ಅಂತ ಕೇಳುವುದು ನಿಮ್ಮ ಹಕ್ಕು.

ಇನ್ನೊಂದು. 2022ರ ಜನವರಿ 1ರಿಂದ ಬಿಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಸಂಖ್ಯೆ ಇರಬೇಕು. ಅದೂ ಇಲ್ಲ. ದೂರು ಕೊಡುವುದಾದರೆ ಗ್ರಾಹಕ ಸಹಾಯವಾಣಿ 1915. ಕನ್ನಡದಲ್ಲೇ ಮಾತಾಡಬಹುದು.

ಕಾಣೆಪ್ರಿಯ (ಸೋಮವಾರ ಮಧ್ಯಾಹ್ನ 1.32)

ಭಟ್ರೇ, ನೀರಿನ ಬಾಟಲಿಗೆ ಎಂಆರ್‌ಪಿಗಿಂತ ಹತ್ತು ರೂಪಾಯಿ ಹೆಚ್ಚು ತೆಗೆದುಕೊಳ್ತಾರಲ್ಲ, ಅದಕ್ಕೂ 1915ಗೆ ಫೋನ್ ಮಾಡಬಹುದಾ?

ಜಿಎಸ್‌ಟಿ ಭಟ್ರು (ಸೋಮವಾರ ಮಧ್ಯಾಹ್ನ 1.50)

ಅದರಲ್ಲಿ ನಿಮಗೆ ಗೆಲುವು ಕಷ್ಟ. 2017ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ಹೋಟೆಲಿನಲ್ಲಿ ಕೂತು ಕುಡಿಯುವ ನೀರು ಬರೀ ಮಾರಾಟವಲ್ಲ, ಅಲ್ಲಿ ಸೇವೆಯೂ ಸೇರಿದೆ ಅಂತ ಹೇಳಿತು. ಎಂಆರ್‌ಪಿ ಮೀರಿದರೂ ನಡೀತದೆ. ಸರ್ವಿಸ್ ಚಾರ್ಜ್ ವಿಷಯ ಬೇರೆ. ಕೇಳದೆ ಬಿಲ್ಲಿಗೆ ಸೇರಿಸಬಾರದು ಅಂತ 2022ರ ಜುಲೈಯಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂತು, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿ ಹಿಡಿಯಿತು. ನೀರು ಬೇಕಾದರೆ ಮಗ್ಗಿನಲ್ಲಿರುವ ಬಿಸಿನೀರು ಕುಡಿಯಿರಿ. ಊರಿನ ಹೋಟೆಲುಗಳಲ್ಲಿ ಈಗಲೂ ಇಡ್ತಾರೆ.

ರಥಬೀದಿ (ಸೋಮವಾರ ಸಂಜೆ 5.05)

ಇಷ್ಟೆಲ್ಲ ರಗಳೆ ಯಾಕೆ, ಉಡುಪಿಗೆ ಬನ್ನಿ. ಗೋಳಿಬಜೆಗೆ ಸೈಜ್ ಪ್ರಕಾರ ರೇಟು ಇಲ್ಲ.

ತಮಾಷೆ ಇರಲಿ. ನನಗೆ ಹೋಟೆಲ್ ಅಂದರೆ ಮೊದಲು ನೆನಪಾಗುವುದು ರಥಬೀದಿಯ ಮಿತ್ರ ಸಮಾಜ. ಸಂಜೆ ಹೊತ್ತಿಗೆ ಜಾಗ ಸಿಕ್ಕಿದರೆ ಪುಣ್ಯ. ಗೋಳಿಬಜೆ ಮುರಿದರೆ ಒಳಗಿಂದ ಹಬೆ ಬರಬೇಕು, ಹಿಟ್ಟು ಜಾಳು ಜಾಳಾಗಿ ಎಳೆ ಬಿಡಬೇಕು, ನಡುವೆ ಒಂದು ತೆಂಗಿನಕಾಯಿ ಚೂರು ಹಲ್ಲಿಗೆ ಸಿಗಬೇಕು. ಮೈದಾ, ಹುಳಿ ಮೊಸರು, ಶುಂಠಿ, ಹಸಿಮೆಣಸು, ಇಷ್ಟೇ ಸಾಮಾನು. ಮೊಸರು ಹುಳಿಯಾಗದಿದ್ದರೆ ಅದು ಗೋಳಿಬಜೆಯೇ ಅಲ್ಲ, ಮೈದಾ ಉಂಡೆ. ಈಗ ಕೆಲವು ಕಡೆ ಸೋಡಾ ಹಾಕಿ ಉಬ್ಬಿಸ್ತಾರೆ. ತಿಂದು ಅರ್ಧ ಗಂಟೆಗೆ ಹೊಟ್ಟೆ ಹೇಳ್ತದೆ.

ಊಟ ಬೇಕಾದರೆ ಕೃಷ್ಣ ಮಠದ ಪ್ರಸಾದ. ಬಿಲ್ಲೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಸಾರಿಗೆ ರುಚಿ ಬರುವುದಿಲ್ಲ ಅನ್ನುವವರು ಒಂದು ಸಲ ಆ ಸಾರು ಉಣ್ಣಬೇಕು. ಮಟ್ಟುಗುಳ್ಳದ ಹುಳಿ ಸಿಕ್ಕಿದರೆ ಇನ್ನೂ ಒಳ್ಳೆಯದು. ಕಟಪಾಡಿ ಹತ್ತಿರದ ಮಟ್ಟು ಗ್ರಾಮದ ಬದನೆ ಅದು, 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ. ಆದರೆ ಈಗ ಮಳೆಗಾಲದಲ್ಲಿ ಹುಡುಕಬೇಡಿ, ಅದು ಬರುವ ಕಾಲ ಬೇರೆ. ಚಾತುರ್ಮಾಸ್ಯ ಶುರುವಾದರೆ ಮೊದಲ ತಿಂಗಳು ಶಾಕವ್ರತ, ತರಕಾರಿಯೇ ಇಲ್ಲ. ಆಮೇಲೆ ಒಂದು ತಿಂಗಳು ಮೊಸರಿಲ್ಲ, ಮತ್ತೊಂದು ತಿಂಗಳು ಹಾಲಿಲ್ಲ, ಕೊನೆಯ ತಿಂಗಳು ಬೇಳೆ ಇಲ್ಲ. ಮೀನಿಗೆ 61 ದಿನ ಬಂದ್ ಆದರೆ ನಮ್ಮದು ನಾಲ್ಕು ತಿಂಗಳು, ಸ್ವಾಮಿ!

ಗಲ್ಲಾಪೆಟ್ಟಿಗೆ (ಸೋಮವಾರ ಸಂಜೆ 5.30)

ಉಡುಪಿಯವರು ಹೋಟೆಲ್ ಮಾಡಿ ಹೆಸರು ತೆಗೆದದ್ದು ಊರು ಬಿಟ್ಟ ಮೇಲಲ್ಲವಾ? ಕೋಟದ ಹತ್ತಿರದ ಪಾರಂಪಳ್ಳಿಯ ಮಯ್ಯರು ಬೆಂಗಳೂರಿಗೆ ಹೋಗಿ 1924ರಲ್ಲಿ ಶುರು ಮಾಡಿದ್ದು ಎಂಟಿಆರ್ ಆಯಿತು. ಎ. ರಾಮ ನಾಯಕರು ಮುಂಬೈಯ ಮಾಟುಂಗಾದಲ್ಲಿ 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅಲ್ಲಿ ಇವತ್ತಿಗೂ ಬಾಳೆಲೆ ಊಟಕ್ಕೆ ಸಾಲು. ಊರಲ್ಲಿ ಉಳಿದ ನಮ್ಮಂಥವರು ಸೋಮವಾರ ಬೆಳಿಗ್ಗೆ ಗಿರಾಕಿಯ ಹತ್ತಿರ ಬೈಸಿಕೊಂಡು ಕೂತಿದ್ದೇವೆ.

ಕುಂದಾಪ್ರದ್ ಹೈದ (ಸೋಮವಾರ ರಾತ್ರಿ 8.15)

ಹ್ವಾಯ್, ಮೀನ್ ಮೀನ್ ಅಂದೇಳಿ ಎಷ್ಟ್ ಹೊತ್ತ್ ಗಲಾಟಿ ಮಾಡ್ತ್ರಿ ಮಾರ್ರೆ? ಒಂದ್ಸಲ ಕುಂದಾಪ್ರಕ್ಕೆ ಬನ್ನಿ. ಚಿಕನ್ ಘೀ ರೋಸ್ಟ್ ಹುಟ್ಟಿದ್ದೇ ನಮ್ಮೂರಿನ್ ಶೆಟ್ಟಿ ಲಂಚ್ ಹೋಮಂಗೆ. ಬ್ಯಾಡಗಿ ಮೆಣಸ್ ಹುರ್ದ್ ಅರ್ದ್, ತುಪ್ಪದಂಗೆ ಹದಾ ಕಿಚ್ಚಂಗೆ ಬಾಡ್ಸ್ಕ್. ತುಪ್ಪ ಬದಿಗ್ ಬಿಡೂ ತನ್ಕ ತಾಳ್ಮಿ ಬೇಕ್. ಬಗಲಿಗ್ ಒಂದ್ ನಾಲ್ಕ್ ನೀರ್‌ದೋಸಿ. ಕೋಳಿಗೆ ಸೈಜೂ ಇಲ್ಲೆ, ಬಂದೂ ಇಲ್ಲೆ.

ಮಲ್ಲೇಶ್ವರದ ಸೊಸೆ (ಸೋಮವಾರ ರಾತ್ರಿ 8.40)

ಘೀ ರೋಸ್ಟ್ ಮಾತು ಬಂದಿದ್ದಕ್ಕೆ ಕೇಳ್ತೀನಿ. ಕೆಲವು ಕಡೆ ಫ್ರೈ, ರೋಸ್ಟ್ ಎರಡೂ ಕಣ್ಣು ಕುಕ್ಕೋ ಕೆಂಪು ಇರತ್ತೆ. ಅದು ಬ್ಯಾಡಗಿ ಬಣ್ಣಾನಾ, ಪುಡಿ ಹಾಕಿದ ಬಣ್ಣಾನಾ? ಮಕ್ಕಳಿಗೆ ಕೊಡೋಕೆ ಹೆದರಿಕೆ.

ಗಲ್ಲಾಪೆಟ್ಟಿಗೆ (ಸೋಮವಾರ ರಾತ್ರಿ 11.00)

ಬ್ಯಾಡಗಿಯ ಕೆಂಪು ಸ್ವಲ್ಪ ಕಂದು ಕಡೆಗೆ ವಾಲ್ತದೆ, ಕಾವಲಿಯಲ್ಲಿ ಬೆಂದ ಮೇಲೆ ಇನ್ನೂ ಗಾಢ ಆಗ್ತದೆ. ಬೆಂದ ಮೇಲೂ ಹೂವಿನ ಹಾಗೆ ಹೊಳೆದರೆ ಸಂಶಯ ಪಡಿ. ತಿಂದ ಮೇಲೆ ಬೆರಳು ಸೋಪು ಹಾಕಿ ತೊಳೆದರೂ ಕೆಂಪು ಬಿಡದಿದ್ದರೆ ಅದು ಮೆಣಸಲ್ಲ. ಕಬಾಬಿಗೆ ಕೃತಕ ಬಣ್ಣ ಹಾಕಬಾರದು ಅಂತ 2024ರ ಜೂನಿನಲ್ಲಿ ರಾಜ್ಯ ಸರಕಾರ ನಿಷೇಧ ತಂದಿದೆ. ಕೋಳಿ, ಮೀನು, ತರಕಾರಿ ಮೂರಕ್ಕೂ. ಅದಕ್ಕೆ ಮೊದಲು ಮಾರ್ಚಿನಲ್ಲಿ ಗೋಬಿ ಮಂಚೂರಿಗೆ. ನಾವು ನಿಲ್ಲಿಸಿದಾಗ ಹಳೇ ಗಿರಾಕಿಗಳೇ "ಎಂತ ಅಣ್ಣ, ಇವತ್ತು ಮಸಾಲೆ ಕಮ್ಮಿಯಾ?" ಅಂತ ಕೇಳಿದರು. ಬಣ್ಣ ನೋಡಿಯೇ ಖಾರ ಅಳೆಯುವುದು ಅಭ್ಯಾಸ ಆಗಿ ಹೋಗಿದೆ.

ಸುರತ್ಕಲ್ ಎಕ್ಸ್‌ಪ್ರೆಸ್ (ಮಂಗಳವಾರ ಬೆಳಿಗ್ಗೆ 7.20)

ಎಲ್ಲರೂ ಐಸ್‌ಕ್ರೀಮು ಮರೆತಿರಾ? ಮೀನು ಊಟದ ಮೇಲೆ ಐಡಿಯಲ್‌ನಲ್ಲಿ ಗಡ್‌ಬಡ್ ತಿನ್ನದಿದ್ದರೆ ನೆಂಟರಿಗೆ ಮಂಗಳೂರು ತೋರಿಸಿದ ಹಾಗಾಯಿತಾ? 1975ರಿಂದ ಉಂಟು, ನಮ್ಮ ಊರಿನದ್ದೇ.

ರಥಬೀದಿ (ಮಂಗಳವಾರ ಬೆಳಿಗ್ಗೆ 7.41)

ಗಡ್‌ಬಡ್ ಉಡುಪಿಯ ಡಯಾನದ್ದು. ಚರ್ಚೆಯೇ ಇಲ್ಲ.

ಸುರತ್ಕಲ್ ಎಕ್ಸ್‌ಪ್ರೆಸ್ (ಮಂಗಳವಾರ ಬೆಳಿಗ್ಗೆ 7.44)

ಉದ್ದ ಗ್ಲಾಸು, ಜೆಲ್ಲಿ, ಹಣ್ಣು, ಗೋಡಂಬಿ, ಮೇಲೆ ಕೆಳಗೆ ಐಸ್‌ಕ್ರೀಮು. ಅದನ್ನು ಊರೂರಿಗೆ ಗೊತ್ತು ಮಾಡಿದವರು ಯಾರು?

ರಥಬೀದಿ (ಮಂಗಳವಾರ ಬೆಳಿಗ್ಗೆ 7.45)

ಗೊತ್ತು ಮಾಡುವುದು ಬೇರೆ, ಹುಟ್ಟಿಸುವುದು ಬೇರೆ.

ನಿರ್ವಾಹಕ (ಮಂಗಳವಾರ ಬೆಳಿಗ್ಗೆ 9.00)

ಗಡ್‌ಬಡ್ ಜಗಳಕ್ಕೆ ಬೇರೆ ಚರ್ಚೆ ತೆರೆದಿದ್ದೇನೆ, ಅಲ್ಲಿಗೆ ಹೋಗಿ. ಇಲ್ಲಿ ಆ ಬಗ್ಗೆ ಬಂದದ್ದರಲ್ಲಿ ಹನ್ನೊಂದು ಬರಹ ಅಳಿಸಿದೆ. ಯಾರದ್ದೋ ಅಜ್ಜನ ಹೆಸರು ಎತ್ತಬೇಡಿ.

ದೇರಳಕಟ್ಟೆ ಹಾಸ್ಟೆಲ್ (ಮಂಗಳವಾರ ಮಧ್ಯಾಹ್ನ 2.25)

ನೀವು ದೊಡ್ಡವರ ಲೆಕ್ಕ ನೋಡಿ ನಗು ಬಂತು. ನಮ್ಮ ಗ್ಯಾಂಗಿನ ನಿಯಮ ಒಂದೇ, ಕಾರ್ಡಿನಲ್ಲಿ ರೇಟ್ ಇಲ್ಲದ್ದನ್ನು ಮುಟ್ಟುವುದಿಲ್ಲ. ಬೂತಾಯಿ ಫ್ರೈ ಪ್ಲೇಟಿಗೆ ರೇಟ್ ಇರ್ತದೆ, ಬಂಗುಡೆಗೂ ಇರ್ತದೆ. ರುಚಿಯಲ್ಲಿ ಬೂತಾಯಿ ಮುಂದೆ ಮಾಂಜಿ ಏನೂ ಅಲ್ಲ. ಚೂರು ಮುಳ್ಳು ಜಾಸ್ತಿ, ಹಾಗಾಗಿ ಊರಿನವರು ಮಾತ್ರ ತಿಂತಾರೆ, ರೇಟೂ ಏರುವುದಿಲ್ಲ. ಬೂತಾಯಿ ಪುಳಿಮುಂಚಿ ಇದ್ದರೆ ನನಗೆ ಫ್ರೈಯೇ ಬೇಡ. ನೆಂಟರಿಗೆ ಮುಳ್ಳು ತೆಗೆಯಲು ಬರದಿದ್ದರೆ ಮಾತ್ರ ಕಾಣೆ. ನಡುಮೂಳೆ ಹಿಡಿದು ಎಳೆದರೆ ಪೂರಾ ಬಂದುಬಿಡ್ತದೆ, ಘಟ್ಟದ ಮೇಲಿನವರಿಗೆ ಸುಲಭ.

ಧಕ್ಕೆಯ ಹುಡುಗ (ಮಂಗಳವಾರ ಸಂಜೆ 6.30)

ಹುಡುಗ ಸರಿ ಹೇಳಿದ. ತಟ್ಟೆ ಬಂದಾಗ ಸೈಜ್ ನೋಡುವುದಕ್ಕಿಂತ ಹೊಟ್ಟೆ ನೋಡಿ. ಬಂಗುಡೆ, ಬೂತಾಯಿ ಹೊಟ್ಟೆ ಒಡೆದಿದ್ದರೆ ಹಳೇದು. ಮಸಾಲೆ ಹಾಕಿದ ಮೇಲೆ ಕಣ್ಣು, ಕಿವಿರು ನೋಡಿ ಹೇಳುವುದು ಕಷ್ಟ. ಬೆಂದು ಬಂದ ಮೇಲೆ ಚಮಚದಲ್ಲಿ ಒತ್ತಿ. ಒಳ್ಳೆ ಮೀನು ಪದರ ಪದರವಾಗಿ ಮೂಳೆ ಬಿಡ್ತದೆ. ಹಿಟ್ಟಿನ ಹಾಗೆ ಕಲಸಿಕೊಂಡರೆ, ಎಷ್ಟೇ ದೊಡ್ಡದಿರಲಿ, ಅಲ್ಲೇ ಹೇಳಿ ವಾಪಸು ಕಳಿಸಿ. ಅರ್ಧ ತಿಂದು ಹೇಳಿದರೆ ಯಾರೂ ಕೇಳುವುದಿಲ್ಲ.

ಹಳೇ ಸಪ್ಲೈಯರ್ (ಮಂಗಳವಾರ ರಾತ್ರಿ 10.15)

ನಾನು ಹಲವು ವರ್ಷ ಹಂಪನಕಟ್ಟೆ, ಆಮೇಲೆ ಮುಂಬೈ ಕಡೆ ಹೋಟೆಲುಗಳಲ್ಲಿ ಕೆಲಸ ಮಾಡಿದವ. ಈಗ ರಿಕ್ಷಾ ಉಂಟು. ತಟ್ಟೆ ಹಿಡಿಯುವವನ ಕಡೆಯಿಂದ ಯಾರೂ ಬರೆದಿಲ್ಲ, ನಾನು ಬರೀತೇನೆ.

ತಟ್ಟೆ ಹಿಡಿದು ಮೇಜಿಗೆ ಹೋದ ಕೂಡಲೇ ನಾವು ನೋಡುವುದು ಯಾರು ಬಿಲ್ ಕೊಡುವವರು ಅಂತ. ಅದು ಗೊತ್ತು ಮಾಡುವುದು ಕಷ್ಟವಲ್ಲ. ನೆಂಟರು ಗೋಡೆ ನೋಡ್ತಾ, ಫ್ಯಾನ್ ನೋಡ್ತಾ ಕೂತಿರ್ತಾರೆ. ಬಿಲ್ ಕೊಡುವವನು ಮೆನು ಕಾರ್ಡ್ ಬಿಡುವುದಿಲ್ಲ. ತಟ್ಟೆಯನ್ನು ನಾವು ಅವನ ಎದುರು ಹಿಡಿಯುವುದಿಲ್ಲ, ನೆಂಟರ ಎದುರು ಹಿಡೀತೇವೆ. ಅದೂ ದೊಡ್ಡ ಮೀನು ನೆಂಟರ ಬದಿಗೆ ಬರುವ ಹಾಗೆ. ಹೀಗೆ ಮಾಡಬೇಕು ಅಂತ ಗಲ್ಲಾದಲ್ಲಿ ಕೂತವರು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಸಂಜೆ ಯಾವ ಮೇಜಿನದ್ದು ಎಷ್ಟು ಬಿಲ್ ಅಂತ ನೋಡ್ತಾರಲ್ಲ.

ಬಲ್ಮಠದವರೇ, ನಿಮಗೆ ಒಂದು ಉಪಾಯ. ಹೋಟೆಲಿಗೆ ಹೋಗಿ ಕೂತ ಕೂಡಲೇ "ಕೈ ತೊಳೆದು ಬರ್ತೇನೆ" ಅಂತ ಎದ್ದು ಹೋಗಿ. ಬೇಸಿನ್ ಇರುವುದು ಹೆಚ್ಚಾಗಿ ಅಡುಗೆ ಕೋಣೆಯ ಬಾಗಿಲ ಹತ್ತಿರ. ಅಲ್ಲಿ ಸಪ್ಲೈಯರನ್ನು ಹಿಡಿದು "ಐದು ಜನ ಇದ್ದೇವೆ, ಕಾಣೆ ಇನ್ನೂರೈವತ್ತರ ಒಳಗಿನದ್ದು, ಅಂಜಲ್ ಒಂದೇ ತುಂಡು, ತಟ್ಟೆ ತರಬೇಡ, ನೀನೇ ಮಾಡಿಸಿಕೊಂಡು ಬಾ" ಅಂತ ಹೇಳಿ. ಅವನಿಗೆ ಅರ್ಥ ಆಗ್ತದೆ. ಇಂಥ ಗಿರಾಕಿಗಳು ನಮಗೆ ದಿನಾ ಸಿಗುತ್ತಿದ್ದರು. ಪುನಃ ಬಂದು ಕೂತಾಗ ನಾವೇ ಜೋರಾಗಿ "ಸಾರ್, ಇವತ್ತು ಕಾಣೆ ಫಸ್ಟ್‌ಕ್ಲಾಸ್ ಉಂಟು, ತರ್ಲಾ?" ಅಂತ ಕೇಳುವುದು. ಮರ್ಯಾದೆಗೆ ಮರ್ಯಾದೆ, ಊಟಕ್ಕೆ ಊಟ.

ಹೋಗುವಾಗ ಹುಡುಗನ ಕೈಯಲ್ಲಿ ಇಪ್ಪತ್ತು ರೂಪಾಯಿ ಇಡಿ. ಈಗಿನವರೆಲ್ಲ ಒಡಿಶಾ, ಜಾರ್ಖಂಡ್, ನೇಪಾಳದ ಕಡೆಯ ಮಕ್ಕಳು. ಗೂಗಲ್ ಪೇ ಬಂದ ಮೇಲೆ ಟಿಪ್ಸ್ ಅನ್ನುವುದೇ ನಿಂತು ಹೋಗಿದೆ.

ಮಲ್ಲೇಶ್ವರದ ಸೊಸೆ (ಮಂಗಳವಾರ ರಾತ್ರಿ 10.31)

ಅಂದ್ರೆ ನಮ್ಮತ್ತೆ ಎದುರು ಯಾವ ಸಪ್ಲೈಯರ್ ಆಟವೂ ನಡೆಯಲ್ಲ ಅಂತಾಯ್ತು. ಅವರು ಬಿಲ್ ಕೊಡೋರೂ ಅಲ್ಲ, ಗೋಡೆ ನೋಡೋರೂ ಅಲ್ಲ!

ಗಲ್ಲಾಪೆಟ್ಟಿಗೆ (ಮಂಗಳವಾರ ರಾತ್ರಿ 11.10)

ಹಳೇ ಸಪ್ಲೈಯರ್ ಎಲ್ಲ ಹೇಳಿಬಿಟ್ಟರು, ಇನ್ನು ನಾನು ಎಂತ ಹೇಳುವುದು. ಒಂದು ಮಾತ್ರ: ನಮ್ಮಲ್ಲಿ ತಟ್ಟೆ ಎಲ್ಲರಿಗೂ ತೋರಿಸ್ತೇವೆ, ಬಿಲ್ ಕೊಡುವವರಿಗೂ. ಹಲಗೆಯ ವಿಷಯ ಮಗನ ಹತ್ತಿರ ಮಾತಾಡಿದೆ. ಬಂದ್ ಮುಗಿದ ಮೇಲೆ ಹಾಕುವ ಅಂತ 'ಹೂಂ' ಅಂದಿದ್ದಾನೆ. ಮೂರು ಸೈಜ್, ಮೂರು ರೇಟ್ ಮಾಡಿ ಬರೆಯುವುದಂತೆ. ಸಣ್ಣದು, ಮಧ್ಯಮ, ದೊಡ್ಡದು. ಸಣ್ಣದು ಮುಗಿದರೆ ಅಲ್ಲೇ ಒರೆಸಿ ಬಿಡುವುದು.

ಕಾಣೆಪ್ರಿಯ (ಬುಧವಾರ ಬೆಳಿಗ್ಗೆ 7.05)

ಆಗಸ್ಟ್ 1ಕ್ಕೇ ಓಡಬೇಡಿ ಯಾರೂ. ಮೊದಲ ವಾರ ಕಡಲು ಹೇಗೋ ಏನೋ, ಬೋಟು ಹೋಗಿ ತಿರುಗಿ ಬರಲಿಕ್ಕೂ ದಿನ ಬೇಕು. ಶ್ರಾವಣದಲ್ಲಿ ಮೀನು ಬಿಡುವವರು ಸುಮಾರು ಜನ ಇದ್ದಾರೆ, ಆಗ ಹೋಟೆಲಿನಲ್ಲಿ ರಶ್ಶೂ ಕಮ್ಮಿ, ಮೀನೂ ಬಂದಿರ್ತದೆ. ನಾನು ಆಗ ಹೋಗುವವ.

ಬಲ್ಮಠದವ (ಬುಧವಾರ ಬೆಳಿಗ್ಗೆ 9.20)

ಚೀಟಿಯ ವಿಷಯಕ್ಕೆ 1915ಗೆ ಫೋನ್ ಮಾಡಿ ದೂರು ಬರೆಸಿದ್ದೇನೆ, ನಂಬರ್ ಕೊಟ್ಟಿದ್ದಾರೆ. ಭಾವ ಊರಿಗೆ ಹೋಗಿ ಫೋನ್ ಮಾಡಿದ್ದ. ಅವನ ಆಫೀಸಿನವರು ಇಬ್ಬರು ಆಗಸ್ಟ್ ಕೊನೆಗೆ ಬರ್ತಾರಂತೆ, "ಅದೇ ಕಾಣೆ ಕೊಡಿಸಿ" ಅಂತ ಹೇಳಿ ಕಳಿಸ್ತಾನಂತೆ. ಈ ಸಲ ಬಂದರಿನ ಹಳೇ ಹೋಟೆಲಿಗೇ ಕರ್ಕೊಂಡು ಹೋಗುವ ಅಂದಾಜು. ಮಧ್ಯಾಹ್ನ ಅಲ್ಲಿ ಕಾರು ಎಲ್ಲಿ ನಿಲ್ಲಿಸುವುದು?

ಹಳೇ ಸಪ್ಲೈಯರ್ (ಬುಧವಾರ ಬೆಳಿಗ್ಗೆ 9.40)

ಕಾರು ತರಲೇಬೇಡಿ. ಆ ಗಲ್ಲಿಗಳಲ್ಲಿ ಮೀನಿನ ಟೆಂಪೋ ಎದುರು ಬಂದರೆ ಹಿಂದೆ ಹೋಗಲಿಕ್ಕೂ ಜಾಗ ಇಲ್ಲ. ಸ್ಟೇಟ್‌ಬ್ಯಾಂಕಿನ ತನಕ ಬಸ್ಸಿನಲ್ಲಿ ಬನ್ನಿ, ಅಲ್ಲಿಂದ ರಿಕ್ಷಾ. ಹನ್ನೆರಡೂವರೆಯ ಒಳಗೆ ಕೂತುಬಿಡಿ. ಒಂದು ಗಂಟೆ ದಾಟಿದರೆ ನಿಂತು ಕಾಯಬೇಕು, ತಟ್ಟೆಯಲ್ಲಿ ಸಣ್ಣ ಕಾಣೆಯೂ ಉಳಿದಿರುವುದಿಲ್ಲ.